ಸರಿಯುತ್ತರಕ್ಕೇ ತಪ್ಪು ಅಂದ ಆಟ

ಬ್ಲಾಗಿನ ಕಡೆ ತಲೆ ಹಾಕಿಯೂ ಮಲಗದೆ ಎಂಟು ತಿಂಗಳಾದುವು. "ಬರೆಯೋದು ಬಿಟ್ರಾ?" ಅಂತ ಇಬ್ಬರು ಕೇಳಿದರು. ಬಿಟ್ಟಿರಲಿಲ್ಲ ಸ್ವಾಮಿ, ಬೇರೆ ಥರ ಬರೀತಿದ್ದೆ. ಈ ಎಂಟು ತಿಂಗಳ ರಾತ್ರಿಗಳಲ್ಲಿ ಕೂತು ಒಂದು ಪುಟ್ಟ ಕಂಪ್ಯೂಟರ್ ಆಟ ಕಟ್ಟಿದೆ, ಕನ್ನಡದ್ದು. ಅದರಿಂದ ಒಂದು ಭಾನುವಾರ ಚೆನ್ನಾಗಿ ಮುಖಭಂಗವೂ ಆಯ್ತು. ಆ ಮುಖಭಂಗದಿಂದ ಒಂದು ಅಭಿಪ್ರಾಯ ಹುಟ್ಟಿದೆ, ಅದನ್ನು ನಿಮ್ಮ ಮುಂದೆ ಇಡೋಣ ಅಂತ ಇವತ್ತು ಧೂಳು ಕೊಡವಿ ಕೂತಿದ್ದೇನೆ.

ಆಟ ಅಂದರೆ ಗುಂಡು ಹಾರಿಸೋದಲ್ಲ, ಕಾರು ಓಡಿಸೋದೂ ಅಲ್ಲ. ಪರದೆಯ ಮೇಲೆ ಒಂದು ಚಿತ್ರ ಇರುತ್ತದೆ. ಅಲ್ಲಿ ಇಲ್ಲಿ ಕ್ಲಿಕ್ಕಿಸಬೇಕು. ಒಂದು ಡ್ರಾಯರು ತೆರೆದುಕೊಳ್ಳುತ್ತದೆ, ಅದರೊಳಗೊಂದು ಚೀಟಿ, ಆ ಚೀಟಿಯ ಸುಳಿವು ಹಿಡಿದು ಇನ್ನೆಲ್ಲೋ ಇರುವ ಬೀಗ ತೆಗೆಯಬೇಕು. ಅವಸರ ಇಲ್ಲ, ಸಾಯೋದಿಲ್ಲ, ಅಂಕ ಇಲ್ಲ. ತಲೆ ಓಡಿದರೆ ಬಾಗಿಲು ತೆಗೆಯುತ್ತದೆ, ಅಷ್ಟೆ. ಇಂಗ್ಲಿಷಿನಲ್ಲಿ ಇದಕ್ಕೆ ಪಾಯಿಂಟ್ ಅಂಡ್ ಕ್ಲಿಕ್ ಅಡ್ವೆಂಚರ್ ಅಂತಾರೆ. ನಾನು ಒಗಟಿನ ಆಟ ಅಂತೀನಿ.

ಯಾಕೆ ಕಟ್ಟಿದೆ ಅಂತ ಹೇಳಿಬಿಡ್ತೀನಿ. ನನ್ನ ಮನೆ ಕಾಡುಗೋಡಿ ಕಡೆ, ಕೆಲಸ ವೈಟ್‌ಫೀಲ್ಡಿನಲ್ಲಿ. ಅಪ್ಪ ಅಮ್ಮ ಇರೋದು ಊರಿನ ಇನ್ನೊಂದು ತುದಿ, ದಾಸರಹಳ್ಳಿಯಲ್ಲಿ. 2023ರ ಮಾರ್ಚಿನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡಿಗೆ ಮೆಟ್ರೋ ಬಂತು, ಅಕ್ಟೋಬರಿನಲ್ಲಿ ಅದು ಬೈಯಪ್ಪನಹಳ್ಳಿಗೆ ಕೂಡಿಕೊಂಡಿತು. ಅಲ್ಲಿಂದ ಈಚೆಗೆ ನಾನೂ ನನ್ನ ಹತ್ತು ವರ್ಷದ ಮಗಳೂ ಭಾನುವಾರ ಬೆಳಗ್ಗೆ ಕಾಡುಗೋಡಿಯಲ್ಲಿ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಲೈನಿಗೆ ಬದಲಾಯಿಸಿ ಹೋಗಿಬರೋದು ರೂಢಿಯಾಯ್ತು. ಆ ಹಸಿರು ಲೈನು ಪೀಣ್ಯದ ನೆತ್ತಿಯ ಮೇಲೇ ಹಾಯುತ್ತದೆ. ಕಿಟಕಿಯಿಂದ ಕೆಳಗೆ ನೋಡಿದರೆ ಶೆಡ್ಡುಗಳ ಸಾಲು, ತುಕ್ಕು ಹಿಡಿದ ಶೀಟುಗಳು. ಅಲ್ಲಿಯ ಒಂದು ಶೆಡ್ಡಿನಲ್ಲಿ ಅಪ್ಪ 31 ವರ್ಷ ಟರ್ನರ್ ಆಗಿದ್ದರು. ಆ ಶೆಡ್ಡು ಈಗಿಲ್ಲ.

ಒಂದು ದಿನ ಮಗಳು ಕೇಳಿದಳು, "ತಾತ ಇಲ್ಲಿ ಏನು ಮಾಡ್ತಿದ್ರು?"

"ಲೇತ್ ಕೆಲಸ."

"ಅಂದ್ರೆ?"

ಅಂದ್ರೆ...? ಅಪ್ಪನ ಓಟಿ ದುಡ್ಡಿನಲ್ಲಿ ಇಂಜಿನಿಯರಿಂಗ್ ಓದಿದವನು ನಾನು. ಉತ್ತರ ಗೊತ್ತಿರಲಿಲ್ಲ. ಕಬ್ಬಿಣ ತಿರುಗತ್ತೆ, ಟೂಲು ಕೆರೆಯತ್ತೆ ಅಂತ ಏನೋ ಹೇಳಿದೆ. ಅವಳು ಮತ್ತೆ ಫೋನಿಗೆ ಮುಖ ಹಾಕಿದಳು. ಅವಳ ಇನ್ನೊಂದು ಕತೆ ಏನೆಂದರೆ, ಶಾಲೆಯಲ್ಲಿ ಕನ್ನಡ ಇದೆ, ಅಕ್ಷರವೆಲ್ಲ ಬರುತ್ತದೆ, ಆದರೆ ಓದೋದು ದಿಣ್ಣೆ ಹತ್ತುವ ಲಾರಿಯ ಹಾಗೆ. ಓದೋಕೆ ಕಾರಣವೇ ಇಲ್ಲ ಅವಳಿಗೆ. ಫೋನಿನಲ್ಲಿ ಮಕ್ಕಳಿಗೆ ಕನ್ನಡ ಅಂತ ಸಿಗೋದು ಬಹುಪಾಲು ಅ ಅಗಸ, ಆ ಆನೆ. ಅದು ನಾಲ್ಕು ವರ್ಷದವರಿಗೆ ಸರಿ. ಅಕ್ಷರ ಕಲಿತು ಮುಗಿಸಿದ ಹತ್ತು ವರ್ಷದ ಹುಡುಗಿಗೆ ಏನಿದೆ?

ಹೀಗೆ ಶುರುವಾಯಿತು. ಐದು ಚಿತ್ರ, ಐದು ಒಗಟು. ಬಾಗಿಲು ಮುಚ್ಚಿದ ಒಂದು ಪೀಣ್ಯದ ಶೆಡ್ಡು, ಅದರೊಳಗೆ ಉಳಿದುಹೋದ ಒಂದು ಕೆಲಸ ಮುಗಿಸಬೇಕು.

ಇಲ್ಲಿ ನಡುವೆ ಒಂದು ಮಾತು. ಇಂಥ ಆಟ ಕಟ್ಟೋದು ದೊಡ್ಡ ಬ್ರಹ್ಮವಿದ್ಯೆ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. 1993ರಲ್ಲಿ ಬಂದು ಪ್ರಪಂಚವೆಲ್ಲ ಹೆಸರು ಮಾಡಿದ 'ಮಿಸ್ಟ್' ಎಂಬ ಆಟವನ್ನು ಮಿಲ್ಲರ್ ಎಂಬ ಅಣ್ಣತಮ್ಮಂದಿರು ಆಪಲ್ಲಿನ ಹೈಪರ್‌ಕಾರ್ಡ್ ಬಳಸಿ ಕಟ್ಟಿದರು. ಹೈಪರ್‌ಕಾರ್ಡ್ ಅಂದರೆ ಕಾರ್ಡುಗಳ ಒಂದು ಕಟ್ಟು, ಒಂದು ಕಾರ್ಡಿನ ಮೇಲೆ ಕ್ಲಿಕ್ಕಿಸಿದರೆ ಇನ್ನೊಂದಕ್ಕೆ ಹೋಗುತ್ತದೆ. ನಮ್ಮ ಬ್ಲಾಗಿನ ಲಿಂಕು ಮಾಡೋದೂ ಅದನ್ನೇ ತಾನೆ? ಒಂದು ಪುಟಕ್ಕೆ ಒಂದು ಚಿತ್ರ, ಚಿತ್ರದ ಮೇಲೆ ಕಣ್ಣಿಗೆ ಕಾಣದ ನಾಲ್ಕಾರು ಚೌಕ, 'ಬೀಗ ತೆಗೆದಿದೆಯೇ, ಇಲ್ಲವೇ' ಅಂತ ನೆನಪಿಡುವ ಒಂದಷ್ಟು ಗುರುತು. ಇಷ್ಟಿದ್ದರೆ ಆಟದ ಅಸ್ಥಿಪಂಜರ ನಿಂತಿತು. ನಾನು ಬ್ರೌಸರಿನಲ್ಲೇ ಓಡುವಂತೆ ಮಾಡಿದೆ. ಕಷ್ಟ ಇರೋದು ಒಗಟಿನಲ್ಲಿ.

ಈಗ ಮುಖಭಂಗದ ಭಾನುವಾರಕ್ಕೆ ಬರೋಣ.

ಅಪ್ಪನಿಗೆ ಕಣ್ಣಿನ ಪೊರೆ, ಸಣ್ಣ ಅಕ್ಷರ ಕಾಣೋದಿಲ್ಲ. ಅದಕ್ಕೆ ಮಗಳು ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಒಂದೊಂದೇ ಸಾಲು ಗಟ್ಟಿಯಾಗಿ ಓದುತ್ತಿದ್ದಳು, ಅಪ್ಪ ಹೇಳಿದ ಕಡೆ ಕ್ಲಿಕ್ಕಿಸುತ್ತಿದ್ದಳು. ಮೂರನೆಯ ಚಿತ್ರದಲ್ಲಿ ಒಂದು ಹಳೇ ಲೇತು. ಅದರಲ್ಲಿ ಒಂದೂವರೆ ಮಿಲಿಮೀಟರ್ ಪಿಚ್ಚಿನ ಥ್ರೆಡ್ ಕೊರೆಯಬೇಕು. ಲೇತಿನ ಲೀಡ್ ಸ್ಕ್ರೂ 6 ಮಿಲಿಮೀಟರಿನದು. ಪಕ್ಕದಲ್ಲಿ ಗೇರುಗಳ ಪೆಟ್ಟಿಗೆ. ಸರಿಯಾದ ಗೇರು ಜೋಡಿಸಿದರೆ ಮುಂದಕ್ಕೆ ದಾರಿ.

ಲೆಕ್ಕ ಸುಲಭ. ಜಾಬು ಒಂದು ಸುತ್ತು ಸುತ್ತುವಷ್ಟರಲ್ಲಿ ಟೂಲು ಒಂದೂವರೆ ಮಿಲಿಮೀಟರ್ ಮುಂದಕ್ಕೆ ಹೋಗಬೇಕು. ಲೀಡ್ ಸ್ಕ್ರೂ ಒಂದು ಸುತ್ತಿಗೆ 6 ಮಿಲಿಮೀಟರ್ ತಳ್ಳುತ್ತದೆ. ಅಂದರೆ ಅದು ಕಾಲು ಸುತ್ತು ತಿರುಗಿದರೆ ಸಾಕು. ತಿರುಗಿಸುವ ಗೇರಿಗೆ 20 ಹಲ್ಲು, ತಿರುಗುವ ಗೇರಿಗೆ 80 ಹಲ್ಲು. ನಾಲ್ಕಕ್ಕೊಂದು. ಇದನ್ನೆಲ್ಲ ಹಳೇ ಪುಸ್ತಕ ನೋಡಿ ಕಲಿತು, ಬಹಳ ಹೆಮ್ಮೆಯಿಂದ ಬರೆದಿದ್ದೆ.

ಅಪ್ಪ 20, 80 ಹಾಕಲೇ ಇಲ್ಲ. 20ರಿಂದ 40ಕ್ಕೆ ಕೊಟ್ಟು, ಆ 40ರ ಜೊತೆಗೇ ಒಂದೇ ಶಾಫ್ಟಿಗೆ 25 ಹಾಕಿಸಿ, ಅದರಿಂದ 50ಕ್ಕೆ ಕೊಟ್ಟರು. ಮಗಳು ಒಂದೊಂದಾಗಿ ಎಳೆದು ಜೋಡಿಸಿದಳು. ಗುಂಡಿ ಒತ್ತಿದಳು.

"ಇದು ಸರಿಯಲ್ಲ. ಮತ್ತೆ ಪ್ರಯತ್ನಿಸಿ." ಓದಿದಳು.

"ಇನ್ನೊಂದ್ ಸಲ ಓದು ಪುಟ್ಟಿ."

ಇನ್ನೊಂದು ಸಲ ಓದಿದಳು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಯಾರೋ ಇದನ್ನ ಹೇಳ್ತಿರೋದು?" ಅಂದರು.

"ನಾನೇ ಅಪ್ಪಾ... ಅಂದ್ರೆ ಪ್ರೋಗ್ರಾಮು."

ಕ್ಯಾಲೆಂಡರಿನ ಹರಿದ ಹಾಳೆಯ ಹಿಂದೆ ಅಪ್ಪ ದಪ್ಪ ಅಕ್ಷರದಲ್ಲಿ ಬರೆದು ಮೊಮ್ಮಗಳ ಕೈಗೆ ಕೊಟ್ಟರು. ಇಪ್ಪತ್ತಕ್ಕೆ ನಲವತ್ತು, ಅರ್ಧ. ಇಪ್ಪತ್ತೈದಕ್ಕೆ ಐವತ್ತು, ಅರ್ಧ. ಅರ್ಧದ ಅರ್ಧ ಎಷ್ಟು? ಅವಳು ಹಾಳೆ ನೋಡಿದಳು, ನನ್ನನ್ನು ನೋಡಿದಳು. "ಅಪ್ಪಾ, ತಾತಂದು ಸರಿ."

"ಸರಿ, ಆದ್ರೆ ಸೀದಾ ಎಂಬತ್ತು ಯಾಕೆ ಹಾಕ್ಲಿಲ್ಲ?" ಅಂತ ನಾನು ಮೀಸೆ ಮಣ್ಣಾಗದ ಹಾಗೆ ಕೇಳಿದೆ.

"ಅದರ ಹಲ್ಲು ಮುರಿದಿದೆಯಲ್ಲೋ! ಮುರಿದ ಹಲ್ಲಿನ ಗೇರು ಯಾರಾದ್ರೂ ಹಾಕ್ತಾರಾ?"

ದೊಡ್ಡದು ಮಾಡಿ ನೋಡಿದೆ. 80ರ ಗೇರು ಬರೆಯುವಾಗ ರಾತ್ರಿ ನಿದ್ದೆಗಣ್ಣಿನಲ್ಲಿ ಒಂದು ಹಲ್ಲು ಬಿಟ್ಟುಬಿಟ್ಟಿದ್ದೆ. ಅಕ್ಷರ ಕಾಣದ ಕಣ್ಣಿಗೆ ಅದು ಕಂಡಿತ್ತು. ನನ್ನ ತಪ್ಪನ್ನು ಅಪ್ಪ ಸುಳಿವು ಅಂದುಕೊಂಡು, ಸುತ್ತುದಾರಿಯಲ್ಲಿ ಸರಿಯುತ್ತರ ಕೊಟ್ಟಿದ್ದರು. ನನ್ನ ಆಟ ಅವರಿಗೆ, ಅವರದೇ ಕಸುಬಿನಲ್ಲಿ, ಅವರ ಮೊಮ್ಮಗಳ ಬಾಯಿಂದ 'ಇದು ಸರಿಯಲ್ಲ' ಅನ್ನಿಸಿತ್ತು.

ವಾಪಸ್ ಬರುವಾಗ ಮೆಟ್ರೋದಲ್ಲಿ ಕೂತು ಕೋಡ್ ತೆರೆದೆ. ಗೇರು 20 ಇದೆಯಾ, 80 ಇದೆಯಾ, ಇದ್ದರೆ ಸರಿ, ಇಲ್ಲದಿದ್ದರೆ ತಪ್ಪು. ಹೀಗೆ ಬರೆದಿದ್ದೆ. ಬರೆಯಬೇಕಿದ್ದದ್ದು ಏನು? ಜೋಡಿಸಿದ ಗೇರುಗಳ ಲೆಕ್ಕ ಹಾಕು, ನಾಲ್ಕಕ್ಕೊಂದು ಬಂದರೆ ಸರಿ. ಟ್ರಿನಿಟಿ ಬರುವಷ್ಟರಲ್ಲಿ ತಿದ್ದಿ ಆಯ್ತು, ಒಟ್ಟು ನಾಲ್ಕು ಸಾಲು. ನಾಲ್ಕು ಸಾಲಿನ ಸೋಮಾರಿತನಕ್ಕೆ ಅಷ್ಟು ದೊಡ್ಡ ಅವಮಾನ.

ನನ್ನ ಅಭಿಪ್ರಾಯ ಇದೇ. ಒಗಟಿನ ಆಟ ಅನ್ನೋದು 'ನನ್ನ ಮನಸ್ಸಿನಲ್ಲಿ ಏನಿದೆ ಹೇಳು' ಅನ್ನುವ ಆಟ ಆಗಬಾರದು. ಕಟ್ಟಿದವನ ಮನಸ್ಸಿನಲ್ಲಿರೋದನ್ನು ಆಡುವವನು ಊಹಿಸುತ್ತಾ ಕೂರೋದಾದರೆ ಅದು ಒಗಟಲ್ಲ, ಮೇಷ್ಟರ ಮರ್ಜಿ. ಲೋಕದ ನಿಯಮ ಏನಿದೆಯೋ ಅದು ಆಟದೊಳಗೆ ಇರಬೇಕು, ಆ ನಿಯಮಕ್ಕೆ ಹೊಂದುವ ಯಾವ ಉತ್ತರ ಬಂದರೂ ಬಾಗಿಲು ತೆಗೆಯಬೇಕು.

ಈ ತಪ್ಪು ನಾನೊಬ್ಬನೇ ಮಾಡಿದ್ದಲ್ಲ ಅನ್ನೋದೇ ಸಮಾಧಾನ. 1991ರಲ್ಲಿ ಬಂದ 'ಮಂಕಿ ಐಲೆಂಡ್ 2' ಬಹಳ ಪ್ರಸಿದ್ಧ ಆಟ. ಅದರಲ್ಲಿ ಒಂದು ಕಡೆ ನೀರಿನ ಪಂಪು ತಿರುಗಿಸಬೇಕು, ಸ್ಪ್ಯಾನರು ಇಲ್ಲ. ಉತ್ತರ ಏನು ಗೊತ್ತಾ? ಪಿಯಾನೋ ಬಾರಿಸುವ ಕೋತಿಯೊಂದನ್ನು ಮೊದಲೇ ಮಂಕು ಹಿಡಿಸಿ ಜೇಬಿಗೆ ಹಾಕಿಕೊಂಡಿರಬೇಕು, ಅದನ್ನೇ ಸ್ಪ್ಯಾನರಿನಂತೆ ಪಂಪಿಗೆ ಹಾಕಿ ತಿರುಗಿಸಬೇಕು! ಅಮೆರಿಕದಲ್ಲಿ ಒಂದು ಬಗೆಯ ಸ್ಪ್ಯಾನರಿಗೆ 'ಮಂಕಿ ರೆಂಚ್' ಅಂತಾರೆ, ಅದೇ ತಮಾಷೆ. ಆ ಮಾತು ಗೊತ್ತಿಲ್ಲದ ದೇಶದವರು ತಲೆ ಚಚ್ಚಿಕೊಂಡರು. ಈಗ ಯೋಚಿಸಿ, ಅದನ್ನು ಕನ್ನಡಕ್ಕೆ ಅನುವಾದ ಮಾಡಿದರೆ ಏನು ಗತಿ? ಕೋತಿ ಹೋಗಿ ಪಂಪು ತಿರುಗಿಸುವುದಕ್ಕೆ ಕನ್ನಡದಲ್ಲಿ ಕಾರಣವೇ ಇಲ್ಲ. ಮಾತು ಅನುವಾದ ಆಗುತ್ತದೆ, ಹೊಳೆಯುವುದು ಅನುವಾದ ಆಗುವುದಿಲ್ಲ.

ಅದಕ್ಕೇ ಹೇಳೋದು, ಬೇರೆಯವರ ಆಟಕ್ಕೆ ಕನ್ನಡದ ಅಂಗಿ ತೊಡಿಸೋದು ಸಾಲದು. ಟೊರಾಂಟೋದ ಒಂದು ಸಣ್ಣ ತಂಡ 2023ರಲ್ಲಿ 'ವೆಣ್ಬಾ' ಅಂತ ಆಟ ತಂದಿತು. ಕೆನಡಾಕ್ಕೆ ಹೋದ ತಮಿಳು ತಾಯಿಯ ಕತೆ. ಅವಳ ಅಮ್ಮನ ಹರಿದುಹೋದ ಅಡುಗೆ ಪುಸ್ತಕ, ಅದರಲ್ಲಿ ಅಳಿಸಿಹೋದ ಸಾಲುಗಳು, ಅಳಿದದ್ದನ್ನು ಊಹಿಸಿ ಇಡ್ಲಿ ಬೇಯಿಸಬೇಕು. ಒಗಟು ಅಡುಗೆಮನೆಯಿಂದಲೇ ಹುಟ್ಟಿದೆ. 2024ರಲ್ಲಿ ಅದಕ್ಕೆ ಮೊದಲ ಆಟದ ವಿಭಾಗದಲ್ಲಿ ಬಾಫ್ಟಾ ಪ್ರಶಸ್ತಿಯೂ ಬಂತು. ಇಡ್ಲಿ ನಮ್ಮ ಮನೆಯಲ್ಲೂ ಬೇಯುತ್ತದಲ್ವಾ?

ಹಾಗಂತ 'ನಮ್ಮವರಿಗೆ ಗೊತ್ತಿರುತ್ತದೆ ಬಿಡು' ಅಂತ ಕೂರುವ ಹಾಗೂ ಇಲ್ಲ. ಅದನ್ನೂ ಅಪ್ಪನೇ ಕಲಿಸಿದರು. ಅವರು ಹೇಳಿಕೊಟ್ಟ ಒಂದು ಒಗಟು ಈಗ ಆಟದ ಮೊದಲ ಚಿತ್ರದಲ್ಲಿದೆ. ಶೆಡ್ಡಿನಿಂದ ಕೊನೆಗೆ ಹೋದವನು ಯಾರು, ಇಪ್ಪತ್ತು ವರ್ಷದ ಟರ್ನರೋ, ಮೊನ್ನೆ ಸೇರಿದ ಹೆಲ್ಪರೋ? ಲೇತಿನ ಚಕ್ಕಿನಲ್ಲಿ ಚಕ್ ಕೀ ಹಾಗೇ ಸಿಕ್ಕಿಸಿದೆ. ಮಿಷನ್ನು ಆನ್ ಮಾಡಿದರೆ ಆ ಕೀ ಹಾರಿ ಎದುರಿದ್ದವನ ಮುಖಕ್ಕೆ ಬರುತ್ತದೆ, ಹಳಬರು ಯಾರೂ ಹಾಗೆ ಬಿಡೋದಿಲ್ಲ. ಹಾಗಾದರೆ ಕೊನೆಗೆ ಹೋದವನು ಹೆಲ್ಪರು. ಎಷ್ಟು ಚಂದದ ತರ್ಕ! ಆದರೆ ನನ್ನ ಮಗಳಿಗೆ ಇದು ಹೇಗೆ ಗೊತ್ತಾಗಬೇಕು? ಅದಕ್ಕೆ ಗೋಡೆಯ ಮೇಲೆ ಎಣ್ಣೆ ಕಲೆಯ ಒಂದು ಬೋರ್ಡು ಬರೆದೆ, ಹೆಲ್ಪರುಗಳಿಗೆ ಮೊದಲ ಪಾಠ, ಚಕ್ ಕೀ ಚಕ್ಕಿನಲ್ಲಿ ಬಿಡಬೇಡಿ. ಬೇಕಾದ ತಿಳಿವಳಿಕೆ ಆ ಕೋಣೆಯಲ್ಲೇ ಇರಬೇಕು, ಆದರೆ ಅದನ್ನು ಓದಿ ಕೂಡಿಸುವ ಕೆಲಸ ಆಡುವವರದು. ಮಗಳು ಬೋರ್ಡು ಓದಿದಳು, ಎರಡು ನಿಮಿಷ ಬಿಟ್ಟು "ಓ!" ಅಂದಳು. ಕನ್ನಡ ಓದಿ ಅವಳು "ಓ!" ಅಂದದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಭಾಷೆಯ ವಿಷಯಕ್ಕೆ ಬಂದರೆ ಇನ್ನೊಂದು ತಮಾಷೆ. ಈ ಜಾತಿಯ ಹಳೇ ಆಟಗಳಲ್ಲಿ, 1987ರ 'ಮೇನಿಯಾಕ್ ಮ್ಯಾನ್ಷನ್' ಕಾಲದಿಂದ, ಪರದೆಯ ಕೆಳಗೆ ಕ್ರಿಯಾಪದಗಳ ಸಾಲು ಇರುತ್ತಿತ್ತು. ಮೊದಲು 'ತೆರೆ' ಒತ್ತಬೇಕು, ಆಮೇಲೆ ಬಾಗಿಲು ಒತ್ತಬೇಕು. ಇಂಗ್ಲಿಷ್ ವಾಕ್ಯದ ಕ್ರಮ ಅದು. ನಾನೂ ಮೊದಲು ಹಾಗೇ ಮಾಡಿದೆ. ಅಪ್ಪ ಪ್ರತಿ ಸಲವೂ "ಬಾಗಿಲು... ತೆಗಿ" ಅಂತಲೇ ಹೇಳೋರು, ಮಗಳು ಬಾಗಿಲನ್ನೇ ಮೊದಲು ಒತ್ತೋಳು, ಆಟ ಪಿಳಿಪಿಳಿ ನೋಡೋದು. ಕನ್ನಡದಲ್ಲಿ ವಸ್ತು ಮೊದಲು, ಕೆಲಸ ಕೊನೆಗೆ! ತಿರುಗಿಸಿ ಹಾಕಿದೆ, ಎಲ್ಲ ಸಲೀಸಾಯ್ತು. ವಿಭಕ್ತಿ ಪ್ರತ್ಯಯವೂ ಅಷ್ಟೇ. ಹೆಸರಿಗೆ 'ಅನ್ನು' ಅಂಟಿಸು ಅಂತ ಕಂಪ್ಯೂಟರಿಗೆ ಹೇಳಿದರೆ 'ನಟ್ಟುಅನ್ನು', 'ಕೀಲಿಅನ್ನು' ಅನ್ನುತ್ತದೆ. ಪ್ರತಿ ವಸ್ತುವಿಗೂ ನಟ್ಟು, ನಟ್ಟನ್ನು, ನಟ್ಟಿಗೆ, ನಟ್ಟಿನಿಂದ ಅಂತ ನಾಲ್ಕು ರೂಪ ಕೈಯಾರೆ ಬರೆದಿಟ್ಟೆ. ಶಾಲೆಯಲ್ಲಿ ವಿಭಕ್ತಿ ಪಟ್ಟಿ ಬಾಯಿಪಾಠ ಮಾಡಿಸಿದ ಮೇಷ್ಟರಿಗೆ ನಮಸ್ಕಾರ :-)

ಅಕ್ಷರದ ಗೋಳು ನಿಮಗೆಲ್ಲ ಗೊತ್ತು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ನಮ್ಮ ಬ್ಲಾಗು ತೆರೆದವರಿಗೆ ಚೌಕ ಚೌಕ ಕಾಣುತ್ತಿದ್ದುದು ಮರೆತಿಲ್ಲ ತಾನೆ? ಆಟ ಕಟ್ಟುವ ತಂತ್ರಾಂಶಗಳು ಆ ಕಷ್ಟದಲ್ಲೇ ಬಹಳ ಕಾಲ ಉಳಿದವು, 'ಸ್ಕ್ರೂ' ಅಂತ ಬರೆದರೆ ಒತ್ತಕ್ಷರ ಒಡೆದು ಚೆಲ್ಲಾಪಿಲ್ಲಿ. ಮುಕ್ತ ತಂತ್ರಾಂಶವಾದ ಗೋಡೋದಲ್ಲಿ ಇದು ಸರಿಹೋದದ್ದು 2023ರ ಮಾರ್ಚಿನಲ್ಲಿ 4ನೆಯ ಆವೃತ್ತಿ ಬಂದ ಮೇಲೆ. ಬ್ರೌಸರಿನಲ್ಲಂತೂ ಈಗ ಯಾವ ತೊಂದರೆಯೂ ಇಲ್ಲ. ಆ ನೆಪವೂ ಮುಗಿಯಿತು.

ಹಾಗಾದರೆ ಯಾಕೆ ಇಂಥವು ಇಷ್ಟು ಕಡಿಮೆ? ಊರಿನಲ್ಲಿ ಕೈಗಳಿಗೆ ಬರವಿಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಹೊರದೇಶದ ದೊಡ್ಡ ಆಟಗಳಿಗೆ ಚಿತ್ರ ಮಾಡಿಕೊಟ್ಟು ಹೆಸರಾಯಿತು, 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡುಕೊಂಡಿತು. ಅನಿಮೇಷನ್ನು, ಗೇಮಿಂಗಿಗೆ ಅಂತ ರಾಜ್ಯ ಸರ್ಕಾರ 2012ರಲ್ಲೇ ಒಂದು ನೀತಿ ತಂದಿತು, 2024ರಿಂದ 2029ಕ್ಕೆ ಹೊಸದೂ ಬಂದಿದೆ. ನಾನು ದಿನಾ ಹಾಯುವ ಮಹದೇವಪುರದಲ್ಲಿ 2023ರಲ್ಲಿ ಅದಕ್ಕೊಂದು ಕೇಂದ್ರವನ್ನೂ ತೆರೆದರು. ಇವೆಲ್ಲ ಉದ್ಯೋಗಕ್ಕೆ ಬೇಕು, ಬೇಡ ಅನ್ನೋದಿಲ್ಲ. ಆದರೆ ಉದ್ಯಮ ಕೇಳುವ ಮೊದಲ ಪ್ರಶ್ನೆ 'ಎಷ್ಟು ಜನ ಆಡ್ತಾರೆ?' ಅಂತ. ಕನ್ನಡದ ಒಗಟಿನ ಆಟಕ್ಕೆ ಆ ಪ್ರಶ್ನೆಯಲ್ಲಿ ಪಾಸಾಗೋದು ಕಷ್ಟ.

ನಾವು ಆ ಪ್ರಶ್ನೆ ಕೇಳಬೇಕಾಗಿಲ್ಲ. ನಾವು ಬ್ಲಾಗು ಶುರು ಮಾಡಿದಾಗ ಎಷ್ಟು ಜನ ಓದುತ್ತಿದ್ದರು ಹೇಳಿ? ಇಪ್ಪತ್ತು? ಅದರಲ್ಲಿ ಐದು ಜನ ನಮ್ಮವರೇ. ಆದರೂ ಬರೆದೆವು. ಹಾಗೆ ಬರೆದದ್ದರಿಂದಲೇ ಅಂತರಜಾಲದಲ್ಲಿ ಕನ್ನಡಕ್ಕೆ ಒಂದಿಷ್ಟು ಜಾಗ ಆಯ್ತು. ನನ್ನ ಆಟವನ್ನು ಇದುವರೆಗೆ ಪೂರ್ತಿ ಆಡಿದವರು ಇಬ್ಬರು. ಒಬ್ಬರಿಗೆ ಅಕ್ಷರ ಕಾಣೋದಿಲ್ಲ, ಇನ್ನೊಬ್ಬಳಿಗೆ ಲೇತು ಗೊತ್ತಿಲ್ಲ. ಒಬ್ಬರೇ ಆಡಿದ್ದರೆ ಇಬ್ಬರೂ ಮುಗಿಸುತ್ತಿರಲಿಲ್ಲ. 12ನೆಯ ಶತಮಾನದಲ್ಲೇ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲಿ ಬರೆದಿಟ್ಟ. ಲೆಕ್ಕ, ತರ್ಕ ಈ ಭಾಷೆಗೆ ಹೊಸದಲ್ಲ, ನಾವು ಕೆಲಸ ಕೊಟ್ಟಿಲ್ಲ ಅಷ್ಟೆ.

ಒಗಟು ಎಲ್ಲಿಂದ ತರೋದು ಅಂತೀರಾ? ಬಿಎಂಟಿಸಿ ಹತ್ತಿ. ಕಂಡಕ್ಟರು ಚಿಲ್ಲರೆ ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆದಿರುತ್ತಾರೆ, ಇಳಿಯುವಾಗ ನೂರರ ಒಂದು ನೋಟು ಕೊಟ್ಟು "ನೀವು ಮೂವರೂ ಹಂಚ್ಕೊಳ್ಳಿ" ಅಂತಾರೆ. ಅದಕ್ಕಿಂತ ಒಗಟು ಬೇಕಾ? ಯಾವ ಬೀದಿಗೆ ಯಾವ ದಿನ ಯಾವ ವಾಲ್ವು ಅಂತ ನೀರು ಬಿಡುವವರ ತಲೆಯಲ್ಲಿರುವ ನಕ್ಷೆ ಇನ್ನೊಂದು. ಮಲೆನಾಡಿನವರು ಅಡಿಕೆ ಮಂಡಿಯ ಲೆಕ್ಕ ಬರೆಯಿರಿ, ಕರಾವಳಿಯವರು ದೋಣಿ ಇಳಿಸುವ ಹೊತ್ತು ಬರೆಯಿರಿ, ಕಾಸರಗೋಡಿನವರು ಎರಡು ಲಿಪಿಯ ಬೋರ್ಡು ಇಟ್ಟುಕೊಂಡು ಆಟ ಕಟ್ಟಿ. ಚಿತ್ರ ಬರೆಯಲು ಬರದಿದ್ದರೆ ಫೋಟೋ ಸಾಕು. ನನ್ನ ಇಡೀ ಆಟದಲ್ಲಿರುವ ಮಾತು ಮೂರು ಬ್ಲಾಗ್ ಬರಹದಷ್ಟೂ ಇಲ್ಲ.

ಹೋದ ವಾರ ಅಪ್ಪ ಕೇಳಿದರು, "ಪೆಟ್ಟಿಗೇಲಿ ನೂರಿಪ್ಪತ್ತೇಳರ ಗೇರು ಇಟ್ಟಿದೀಯೇನೋ?" ಇಟ್ಟಿರಲಿಲ್ಲ. 20, 25, 30 ಅಂತ ಐದೈದರ ಲೆಕ್ಕದ ಗೇರುಗಳ ನಡುವೆ ಇದೆಂಥ ವಿಚಿತ್ರ ಸಂಖ್ಯೆ? ಅಪ್ಪ ವಿವರಿಸಿದರು. ಹಳೇ ಲೇತುಗಳ ಲೀಡ್ ಸ್ಕ್ರೂ ಇಂಚಿನ ಲೆಕ್ಕದ್ದು. ಗಿರಾಕಿ ಕೇಳೋದು ಮಿಲಿಮೀಟರು. ಇಂಚಿಗೆ 25.4 ಮಿಲಿಮೀಟರು, ಅರ್ಧಂಬರ್ಧ ಹಲ್ಲಿನ ಗೇರು ಇರೋದಿಲ್ಲ. ಐದರಿಂದ ಗುಣಿಸಿದರೆ 127, ಪೂರ್ಣಸಂಖ್ಯೆ. ಅದನ್ನು ಯಾವುದರಿಂದಲೂ ಭಾಗಿಸೋಕೆ ಆಗದು, ಹಾಗಾಗಿ ಬೇರೆ ಗೇರುಗಳನ್ನು ಹೇಗೆ ಕೂಡಿಸಿದರೂ ಅದರ ಕೆಲಸ ಕರಾರುವಾಕ್ಕಾಗಿ ಆಗದು. ಆ ಒಂದು ಗೇರು ಇದ್ದರೆ ಇಂಚಿನ ಮಿಷನ್ನು ಮಿಲಿಮೀಟರಿನ ಥ್ರೆಡ್ಡು ಕೊರೆಯುತ್ತದೆ.

ಆರನೆಯ ಚಿತ್ರ ಶುರುವಾಗಿದೆ. ಅದರ ಸುಳಿವಿನ ಚೀಟಿಯನ್ನು ಈ ಸಲ ಮಗಳೇ ಕನ್ನಡದಲ್ಲಿ ಬರೆದಿದ್ದಾಳೆ, ಎರಡು ಕಾಗುಣಿತ ತಪ್ಪು ಇದೆ. ಒಂದನ್ನು ತಾತನೇ ಹಿಡಿದರು, ಅವಳು ಗಟ್ಟಿಯಾಗಿ ಓದುವಾಗ, ಕಿವಿಯಲ್ಲಿ. ಇನ್ನೊಂದು ಹಾಗೇ ಇರಲಿ ಅಂತ ಬಿಟ್ಟಿದ್ದೇನೆ.

ಏನಂತೀರಿ? ನಿಮ್ಮೂರಿನ ಒಗಟು ಯಾವುದು?